ವಿದೇಶದ ಅಮೆರಿಕನ್ ಸೇನಾ ನೆಲೆಗಳಲ್ಲಿ ಸಂಜೆ ಕಾಲೇಜು: ಫೀಸು, ಕ್ರೆಡಿಟ್ಟು, ಎಡವಟ್ಟು

ಹೊಸನೀರು

ಜರ್ಮನಿಯ ಕೈಸರ್ಸ್‌ಲೌಟರ್ನ್‌ಗೆ ವರ್ಗವಾಗಿ ಬರುತ್ತಿರುವ ಒಂದು ಕುಟುಂಬದ ಪರವಾಗಿ ಕೇಳ್ತಿದ್ದೇನೆ. ಗಂಡ ಅಮೆರಿಕದ ಭೂಸೇನೆಯಲ್ಲಿ ಸಾರ್ಜೆಂಟ್ (ಇ-5), ಡಿಗ್ರಿ ಆಗಿಲ್ಲ. ಹೆಂಡತಿಯದು ಬೆಂಗಳೂರು ವಿವಿಯ ಮೂರು ವರ್ಷದ ಬಿ.ಕಾಂ., ಗ್ರೀನ್ ಕಾರ್ಡ್ ಇದೆ. ನೆಲೆಯೊಳಗೇ ನಡೆಯುವ ಸಂಜೆ ತರಗತಿಗೆ ಇಬ್ಬರೂ ಸೇರುವ ಯೋಚನೆ. ಎಲ್ಲಿಂದ ಶುರು ಮಾಡಬೇಕು? ಕೈಯಿಂದ ಎಷ್ಟು ಬೀಳುತ್ತೆ? ಬಿ.ಕಾಂ. ಕ್ರೆಡಿಟ್ (ಕೋರ್ಸಿನ ತೂಕ ಅಳೆಯುವ ಘಟಕ) ಲೆಕ್ಕಕ್ಕೆ ಬರುತ್ತಾ? "ಎಲ್ಲ ಆನ್‌ಲೈನ್ ಇರೋವಾಗ ಸಂಜೆ ಕ್ಲಾಸು ಯಾಕೆ" ಅನ್ನುವವರೂ ಇದ್ದಾರೆ.

ಲೆಡ್ಜರ್

ಮೊದಲು ಗಂಡನ ಲೆಕ್ಕ. ಸೇವೆಯಲ್ಲಿರುವವರ ಫೀಸು ಕಟ್ಟುವುದು ಟ್ಯೂಷನ್ ಅಸಿಸ್ಟೆನ್ಸ್, ಎಲ್ಲರ ಬಾಯಲ್ಲೂ ಟಿಎ. ರಕ್ಷಣಾ ಇಲಾಖೆಯ ಮಿತಿ ಸೆಮಿಸ್ಟರ್ ಕ್ರೆಡಿಟ್ಟಿಗೆ 250 ಡಾಲರ್, ವರ್ಷಕ್ಕೆ 4,500 ಡಾಲರ್. 3 ಕ್ರೆಡಿಟ್‌ನ ಒಂದು ಕೋರ್ಸಿಗೆ 750 ಆದರೆ ವರ್ಷಕ್ಕೆ ಆರು ಕೋರ್ಸು, ಅಂದರೆ 18 ಕ್ರೆಡಿಟ್. ಪದವಿಗೆ ಬೇಕಿರುವುದು 120. ಬರೀ ಟಿಎ ನೆಚ್ಚಿಕೊಂಡರೆ ಆರೂವರೆ ವರ್ಷ ದಾಟುತ್ತೆ. ಅದಕ್ಕೇ ಉಳಿದ ಕ್ರೆಡಿಟ್‌ಗಳನ್ನು ಬೇರೆ ದಾರಿಯಲ್ಲಿ ತರಬೇಕು, ಅದನ್ನು ಕೆಳಗೆ ಯಾರಾದರೂ ಬರೆದೇ ಬರೆಯುತ್ತಾರೆ.

ಇಲ್ಲಿ "ವರ್ಷ" ಅಂದರೆ ಅಕ್ಟೋಬರ್ 1ರಿಂದ ಸೆಪ್ಟೆಂಬರ್ 30. ಕೋರ್ಸು ಯಾವ ದಿನ ಶುರುವಾಯಿತು ಅನ್ನುವುದರ ಮೇಲೆ ಆ ವರ್ಷದ ಖಾತೆಗೆ ಬೀಳುತ್ತೆ, ಮುಗಿದ ದಿನದ ಮೇಲಲ್ಲ. ಬೇಸಿಗೆಯಲ್ಲೇ ಮಿತಿ ಮುಗಿಸಿಕೊಂಡವರು ಅಕ್ಟೋಬರ್ ಟರ್ಮ್‌ಗೆ ಕಾಯಬೇಕು. ಆ ಟರ್ಮಿಗೂ ಒಂದು ಅಪಾಯ ಇದೆ: ಬಜೆಟ್ ಪಾಸಾಗದೆ ಸರ್ಕಾರ ಬಾಗಿಲು ಹಾಕಿದರೆ ಮಂಜೂರಾತಿ ನಿಂತುಹೋಗುತ್ತೆ. 2013ರ ಮಾರ್ಚ್‌ನಲ್ಲಿ ಖರ್ಚು ಕಡಿತದ ನೆಪದಲ್ಲಿ ಭೂಸೇನೆ, ಮರೀನ್, ವಾಯುಸೇನೆ ಟಿಎಯನ್ನೇ ನಿಲ್ಲಿಸಿದ್ದವು. ಸಂಸತ್ತು ಮಧ್ಯೆ ಬಂದು ಮತ್ತೆ ಕೊಡಿಸಿತು.

ಹೆಜ್ಜೆಗಳ ಕ್ರಮ ತಪ್ಪಿಸಬೇಡಿ. ನೆಲೆಯ ಎಜುಕೇಶನ್ ಸೆಂಟರ್‌ಗೆ ಹೋಗಿ ಸಲಹೆಗಾರರನ್ನು ಕಾಣುವುದು ಮೊದಲು. ಆಮೇಲೆ ಕಾಲೇಜಿಗೆ ಪ್ರವೇಶ, ಹಳೆಯ ಟ್ರಾನ್ಸ್‌ಕ್ರಿಪ್ಟ್‌ಗಳೆಲ್ಲ (ಏನೇನು ಓದಿದ್ದೀರಿ ಅನ್ನುವ ಅಧಿಕೃತ ದಾಖಲೆ) ಅವರ ಕೈ ಸೇರಬೇಕು. ನಂತರ ಡಿಗ್ರಿ ಪ್ಲಾನ್, ಯಾವ ಕೋರ್ಸು ಯಾವ ಖಾನೆಗೆ ಅನ್ನುವ ಪಟ್ಟಿ. ಆಮೇಲೆ ಕ್ಲಾಸಿಗೆ ನೋಂದಣಿ, ಕೊನೆಗೆ ಟಿಎ ಅರ್ಜಿ (ಭೂಸೇನೆಗೆ ಆರ್ಮಿಇಗ್ನೈಟೆಡ್ ಪೋರ್ಟಲ್, ವಾಯುಸೇನೆಗೆ ಅದರದೇ ವರ್ಚುವಲ್ ಎಜುಕೇಶನ್ ಸೆಂಟರ್). ಕ್ಲಾಸು ಶುರುವಾಗುವ ಮೊದಲೇ ಮಂಜೂರಾಗಿರಬೇಕು. ಶುರುವಾದ ಮೇಲೆ ಎಷ್ಟು ಬೇಡಿಕೊಂಡರೂ ಹಿಂದಿನ ದಿನಾಂಕ ಹಾಕಿ ಕೊಡುವುದಿಲ್ಲ. ಕಡೇಪಕ್ಷ ಒಂದು ವಾರ ಮೊದಲು ಎಲ್ಲ ಮುಗಿದಿರಲಿ, ಎರಡು ವಾರ ಇದ್ದರೆ ನೆಮ್ಮದಿ.

ಲೆಡ್ಜರ್

ಬಿಟ್ಟುಹೋದದ್ದು: ಟಿಎ ಬೋಧನಾ ಶುಲ್ಕಕ್ಕೆ ಮಾತ್ರ. ಪುಸ್ತಕ, ಅರ್ಜಿ ಶುಲ್ಕ ಎಲ್ಲ ಸ್ವಂತದ್ದು. ಸ್ನಾತಕೋತ್ತರ ಕೋರ್ಸುಗಳ ಕ್ರೆಡಿಟ್ ದರ ಸಾಮಾನ್ಯವಾಗಿ 250ಕ್ಕಿಂತ ಹೆಚ್ಚು, ಆ ವ್ಯತ್ಯಾಸವೂ ಜೇಬಿನಿಂದ. ಆಫೀಸರ್‌ಗಳಾದರೆ ಟಿಎ ಪಡೆದ ಕೊನೆಯ ಕೋರ್ಸು ಮುಗಿದ ಮೇಲೆ ಎರಡು ವರ್ಷ ಸೇವೆಯಲ್ಲಿ ಉಳಿಯುವ ಕಟ್ಟುಪಾಡು ಬರುತ್ತೆ. ಇವರು ಸಾರ್ಜೆಂಟ್, ಅದು ಅನ್ವಯಿಸಲ್ಲ.

ಸೀಮೆಸುಣ್ಣ

ಫೀಸಿನ ಮಾತಾಯಿತು, ಕ್ಲಾಸಿನ ಸ್ವರೂಪ ಹೇಳ್ತೇನೆ.

ರಾಮ್‌ಸ್ಟೈನ್-ಕೈಸರ್ಸ್‌ಲೌಟರ್ನ್ ಭಾಗದಲ್ಲಿ ಮುಖ್ಯ ಕಾಲೇಜು ಯೂನಿವರ್ಸಿಟಿ ಆಫ್ ಮೇರಿಲ್ಯಾಂಡ್ ಗ್ಲೋಬಲ್ ಕ್ಯಾಂಪಸ್. 2019ರವರೆಗೆ ಅದರ ಹೆಸರು ಯೂನಿವರ್ಸಿಟಿ ಕಾಲೇಜ್ ಅಂತಿತ್ತು, ಹಳಬರು ಈಗಲೂ ಬರೀ "ಮೇರಿಲ್ಯಾಂಡ್" ಅಂತಾರೆ. 1949ರ ಅಕ್ಟೋಬರ್‌ನಲ್ಲಿ ಬರ್ಲಿನ್, ಫ್ರಾಂಕ್‌ಫರ್ಟ್, ಹೈಡೆಲ್‌ಬರ್ಗ್, ಮ್ಯೂನಿಕ್, ನ್ಯೂರೆಂಬರ್ಗ್, ವೀಸ್‌ಬಾಡನ್ ಈ ಆರು ಊರುಗಳಲ್ಲಿ ಶುರುಮಾಡಿದರು. 1956ರಲ್ಲಿ ಏಷ್ಯಾಕ್ಕೆ ಹೋದರು. ವಿಮಾನಯಾನದ ಕಡೆಗೆ ಎಂಬ್ರಿ-ರಿಡಲ್ ಇದೆ. ಟೆಕ್ಸಸ್‌ನ ಕಿಲೀನ್‌ನಲ್ಲಿರುವ ಸೆಂಟ್ರಲ್ ಟೆಕ್ಸಸ್ ಕಾಲೇಜು ಎರಡು ವರ್ಷದ ಅಸೋಸಿಯೇಟ್ ಡಿಗ್ರಿ, ಸರ್ಟಿಫಿಕೇಟ್‌ಗಳ ಕಡೆಯದು. ಯಾವ ನೆಲೆಯಲ್ಲಿ ಯಾರು ಇದ್ದಾರೆ ಅನ್ನುವುದು ಗುತ್ತಿಗೆ ಬದಲಾದಂತೆ ಬದಲಾಗುತ್ತೆ, ಹೋದ ಮೇಲೇ ಖಾತ್ರಿ ಮಾಡಿಕೊಳ್ಳಿ.

ಟರ್ಮ್ 8 ವಾರದ್ದು, ವರ್ಷಕ್ಕೆ ಐದು. ವಾರಕ್ಕೆ ಎರಡು ಸಂಜೆ, ಸೋಮ-ಬುಧ ಅಥವಾ ಮಂಗಳ-ಗುರು. 3 ಕ್ರೆಡಿಟ್‌ಗೆ ಐವತ್ತು ನಿಮಿಷದ 45 ಪಾಠದ ಅವಧಿ ಆಗಬೇಕು, ಅದನ್ನು 16 ಸಂಜೆಗೆ ಹಂಚಿದರೆ ಒಂದೊಂದು ಸಂಜೆಗೆ 2 ಗಂಟೆ 20 ನಿಮಿಷ. ಆರಕ್ಕೆ ಶುರುವಾದರೆ ಮಧ್ಯದ ಹತ್ತು ನಿಮಿಷ ಸೇರಿ ಎಂಟೂವರೆ. ಹೈಬ್ರಿಡ್ ಅಂತ ಬರೆದಿದ್ದರೆ ಒಂದು ಭಾಗ ಮಾತ್ರ ಕೋಣೆಯಲ್ಲಿ, ಉಳಿದದ್ದು ಆನ್‌ಲೈನ್ ಚರ್ಚೆ. ಈಗ ಹೆಚ್ಚಿನವು ಹೀಗೇ.

ಜನ ಸೋಲುವುದು ಹೋಂವರ್ಕ್ ಲೆಕ್ಕದಲ್ಲಿ. ಒಂದು ಗಂಟೆ ಪಾಠಕ್ಕೆ ಎರಡು ಗಂಟೆ ಓದು ಅನ್ನುವ ಅಳತೆ ಹಿಡಿದರೆ 3 ಕ್ರೆಡಿಟ್‌ಗೆ ಒಟ್ಟು 135 ಗಂಟೆ. ಮಾಮೂಲಿ ಸೆಮಿಸ್ಟರಿನಲ್ಲಿ ಅದು ವಾರಕ್ಕೆ ಒಂಬತ್ತು ಗಂಟೆ, ಇಲ್ಲಿ ಹದಿನೇಳು. ಡ್ಯೂಟಿ ಮಾಡಿಕೊಂಡು ಒಂದೇ ಟರ್ಮಿನಲ್ಲಿ ಎರಡು ಕೋರ್ಸು ಅಂದರೆ ವಾರಕ್ಕೆ ಮೂವತ್ತನಾಲ್ಕು ಗಂಟೆ. ಸಲಹೆಗಾರರು ಎರಡಕ್ಕೂ ಸಹಿ ಹಾಕಿಬಿಡ್ತಾರೆ, ಯಾಕೆಂದರೆ ನಿಯಮದಲ್ಲಿ ಅಡ್ಡಿ ಇಲ್ಲ. ನನ್ನ ಅಭಿಪ್ರಾಯ ಕೇಳಿದರೆ ಮೊದಲ ಟರ್ಮಿಗೆ ಒಂದೇ. ಐದು ಟರ್ಮಿಗೆ ಒಂದೊಂದರಂತೆ 15 ಕ್ರೆಡಿಟ್, ಮಿತಿ 18. ಅಂದಮೇಲೆ ವರ್ಷದಲ್ಲಿ ಯಾವುದೋ ಒಂದು ಟರ್ಮಿನಲ್ಲಷ್ಟೇ ಜೋಡಿ ಕೋರ್ಸಿನ ಪ್ರಶ್ನೆ ಏಳುವುದು.

ಎರಡು ಸಂಜೆ ತಪ್ಪಿಸಿದರೆ ಕೋರ್ಸಿನ ಎಂಟನೇ ಒಂದು ಭಾಗ ಹೋಯಿತು ಅಂತ ಲೆಕ್ಕ. ಫೀಲ್ಡ್ ಎಕ್ಸರ್‌ಸೈಸ್ ಇದ್ದರೆ ಮೊದಲ ವಾರವೇ ರೋಸ್ಟರ್ ತೋರಿಸಿ, ಗಡುವು ಬದಲಾವಣೆಯನ್ನು ಇಮೇಲ್‌ನಲ್ಲಿ ಕೇಳಿ. ಮೇಷ್ಟ್ರುಗಳು ಸಾಮಾನ್ಯವಾಗಿ ಒಪ್ತಾರೆ. ಹೋಗಿಬಂದ ಮೇಲೆ ಹೇಳಿದರೆ ಒಪ್ಪುವವರು ಕಡಿಮೆ.

ಓಕಿನಾವಾ_ಗಾಳಿ

ಸೀಮೆಸುಣ್ಣ ಸರ್ ಹೇಳಿದ್ದಕ್ಕೆ ಜಪಾನ್ ಕಡೆಯ ಒಂದು ಸೇರ್ಪಡೆ. ಓಕಿನಾವಾದ ಕಡೇನಾ ನೆಲೆಯಲ್ಲಿ ಚಂಡಮಾರುತದ ಕಾಲದಲ್ಲಿ ಟಿಸಿಕಾರ್ ಅನ್ನುವ ಎಚ್ಚರಿಕೆ ಮಟ್ಟ ನೋಡುತ್ತಿರಬೇಕು. ಸಂಖ್ಯೆ ಇಳಿದಂತೆ ಅಪಾಯ ಹತ್ತಿರ. ಒಂದಕ್ಕೆ ಬಂತು ಅಂದರೆ ಆ ಸಂಜೆಯ ಕ್ಲಾಸು ನಡೆಯುತ್ತೆ ಅಂತ ನೆಚ್ಚಬೇಡಿ. ತಪ್ಪಿದ ಪಾಠವನ್ನು ಶುಕ್ರವಾರವೋ ಶನಿವಾರವೋ ಸರಿದೂಗಿಸ್ತಾರೆ, ಆದ್ದರಿಂದ ಆಗಸ್ಟ್-ಸೆಪ್ಟೆಂಬರ್ ಟರ್ಮಿನ ಶನಿವಾರಗಳಿಗೆ ಬೇರೆ ಟಿಕೆಟ್ ಬುಕ್ ಮಾಡಬೇಡಿ. ಜರ್ಮನಿಯಲ್ಲಿ ಇದೇ ಪಾತ್ರ ಚಳಿಗಾಲದ ರಸ್ತೆ ಸ್ಥಿತಿಯದ್ದು: ಹಸಿರು, ಆಂಬರ್, ಕೆಂಪು, ಕಪ್ಪು. ಕಪ್ಪು ಅಂದರೆ ತುರ್ತು ವಾಹನಗಳಷ್ಟೇ.

ಆನ್‌ಲೈನ್ ಭಾಗದ ಗಡುವುಗಳು ಮೇರಿಲ್ಯಾಂಡ್ ಗಡಿಯಾರದಲ್ಲಿ. ಅಲ್ಲಿಯ ರಾತ್ರಿ 11:59 ಅಂದರೆ ಜರ್ಮನಿಯಲ್ಲಿ ಮಾರನೆಯ ಬೆಳಿಗ್ಗೆ 5:59, ಜಪಾನ್‌ನಲ್ಲಿ ಬೇಸಿಗೆಯಾದರೆ ಮಧ್ಯಾಹ್ನ 12:59, ಚಳಿಗಾಲವಾದರೆ 1:59. ಜಪಾನ್ ಗಡಿಯಾರ ಬದಲಿಸುವುದೇ ಇಲ್ಲ. ಜರ್ಮನಿಯವರಿಗೆ ಬೇರೆ ಕಾಟ: ಅಮೆರಿಕ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಮುಂದೆ ಮಾಡಿದರೆ ಯುರೋಪ್ ಮಾಡುವುದು ಕೊನೆಯ ಭಾನುವಾರ. ಮಧ್ಯದ ಆ ಎರಡು-ಮೂರು ವಾರ ಅಂತರ ಆರಲ್ಲ, ಐದೇ ಗಂಟೆ. ಬೆಳಿಗ್ಗೆ 5:59 ಅಂತ ಕೂತವರ ಅಸೈನ್ಮೆಂಟ್ ಒಂದು ಗಂಟೆ ತಡವಾಗಿ ಸೇರುತ್ತೆ. ಅಕ್ಟೋಬರ್ ಕೊನೆಯಿಂದ ನವೆಂಬರ್ ಮೊದಲ ಭಾನುವಾರದವರೆಗೂ ಇದೇ ಕಥೆ, ಒಂದು ವಾರದ ಮಟ್ಟಿಗೆ.

ನೀಲಿಯೂನಿಫಾರ್ಮ್

ಬಾಕಿ ಕ್ರೆಡಿಟ್ ಎಲ್ಲಿಂದ ಅನ್ನುವುದಕ್ಕೆ ಎರಡು ದಾರಿ.

ಮೊದಲನೆಯದು ಸೇನಾ ತರಬೇತಿಯದ್ದೇ ಕ್ರೆಡಿಟ್. ಭೂಸೇನೆ, ನೌಕಾಸೇನೆ, ಮರೀನ್, ಕೋಸ್ಟ್ ಗಾರ್ಡ್‌ನವರಿಗೆ ಜಾಯಿಂಟ್ ಸರ್ವೀಸಸ್ ಟ್ರಾನ್ಸ್‌ಕ್ರಿಪ್ಟ್. ವಾಯುಸೇನೆಯವರಿಗೆ 1972ರಲ್ಲಿ ಶುರುವಾದ ತಮ್ಮದೇ ಕಮ್ಯುನಿಟಿ ಕಾಲೇಜು, ಅದರ ಟ್ರಾನ್ಸ್‌ಕ್ರಿಪ್ಟೇ ಬೇರೆ. ಇಲ್ಲೊಂದು ಭ್ರಮೆ: ಟ್ರಾನ್ಸ್‌ಕ್ರಿಪ್ಟ್ ಮೇಲೆ 40 ಕ್ರೆಡಿಟ್ ಶಿಫಾರಸು ಇದ್ದರೆ 40ಕ್ಕೆ 40 ಡಿಗ್ರಿಗೆ ಸೇರುತ್ತೆ ಅಂದುಕೊಳ್ತಾರೆ. ಬಹುಪಾಲು "ಐಚ್ಛಿಕ" ಖಾನೆಗೆ ಬೀಳುತ್ತೆ. ಆ ಖಾನೆ ತುಂಬಿದ ಮೇಲೆ ಉಳಿದದ್ದು ಕಾಗದದ ಮೇಲಷ್ಟೇ. ಲಾಜಿಸ್ಟಿಕ್ಸ್‌ನಲ್ಲಿ ಕೆಲಸ ಮಾಡುವ ಸಾರ್ಜೆಂಟ್ ಮ್ಯಾನೇಜ್‌ಮೆಂಟ್ ಕಡೆಯ ಡಿಗ್ರಿ ಹಿಡಿದರೆ ಕೂಡುವ ಕ್ರೆಡಿಟ್ಟು ಸೈಬರ್ ಸೆಕ್ಯುರಿಟಿ ಹಿಡಿದರೆ ಕೂಡಲ್ಲ. ಆದ್ದರಿಂದ ಮೇಜರ್ (ಪದವಿಯ ಮುಖ್ಯ ವಿಷಯ) ಆಯ್ಕೆ ಮಾಡುವ ಮೊದಲು ಎರಡು ಮೂರು ಪ್ಲಾನ್‌ಗಳ ಮೇಲೆ ಲೆಕ್ಕ ಹಾಕಿಸಿ.

ಎರಡನೆಯದು ಕ್ಲೆಪ್ ಪರೀಕ್ಷೆ, ಅಂದರೆ ಕ್ಲಾಸಿಗೆ ಕೂರದೆ ಪರೀಕ್ಷೆ ಬರೆದೇ ಕ್ರೆಡಿಟ್ ಪಡೆಯುವುದು. ಕಾಲೇಜು ಬೋರ್ಡ್ ನಡೆಸುವುದು, 1967ರಿಂದ ಇದೆ. ಸೇವೆಯಲ್ಲಿರುವವರಿಗೆ ಪ್ರತಿ ವಿಷಯದ ಮೊದಲ ಪ್ರಯತ್ನಕ್ಕೆ ಪರೀಕ್ಷಾ ಶುಲ್ಕವನ್ನು ಸರ್ಕಾರವೇ ಕೊಡುತ್ತೆ. ಕಾಲೇಜ್ ಆಲ್ಜೀಬ್ರಾ ಆದರೆ 90 ನಿಮಿಷ, ಸುಮಾರು 60 ಪ್ರಶ್ನೆ. ಮುಗಿಸಿದ ಕೂಡಲೇ ಪರದೆ ಮೇಲೆ ಅಂಕ ಬರುತ್ತೆ, 20ರಿಂದ 80ರ ಅಳತೆಯಲ್ಲಿ 50 ಬಂದರೆ ಸಾಮಾನ್ಯವಾಗಿ 3 ಕ್ರೆಡಿಟ್. ಫೇಲಾದರೆ ಮೂರು ತಿಂಗಳು ಕಾಯಬೇಕು, ಎರಡನೇ ಸಲದ ದುಡ್ಡು ನಿಮ್ಮದು. ಟಿಎಯ ಒಂದು ಕಾಸೂ ಇದರಲ್ಲಿ ಖರ್ಚಾಗಲ್ಲ ಅನ್ನುವುದೇ ಇದರ ಲಾಭ.

ಸೀಮೆಸುಣ್ಣ

ಕ್ಲೆಪ್ ಬಗ್ಗೆ ಸ್ವಲ್ಪ ತಕರಾರು. ಇತಿಹಾಸ, ಸಮಾಜಶಾಸ್ತ್ರ, ನಿರ್ವಹಣೆ ಇವಕ್ಕೆ ಬರೆಯಲಿ. ಬರವಣಿಗೆ ಕೋರ್ಸನ್ನು ಮಾತ್ರ ಪರೀಕ್ಷೆ ಬರೆದು ಹಾರಿಸಬಾರದು. ಮುಂದಿನ ಪ್ರತಿ ಕೋರ್ಸೂ ಆಧಾರ ಕೊಟ್ಟು ಬರೆಯುವ ಪ್ರಬಂಧದ ಮೇಲೇ ನಿಂತಿದೆ. ನಮ್ಮ ಕಡೆ ಓದಿದವರಿಗೆ ಗೈಡಿನ ವಾಕ್ಯ ಉರು ಹೊಡೆದು ಹಾಗೇ ಇಳಿಸುವುದು ಅಭ್ಯಾಸ. ಇಲ್ಲಿ ಉದ್ಧರಣ ಚಿಹ್ನೆ ಇಲ್ಲದೆ ಎರಡು ಸಾಲು ಇಳಿಸಿದರೂ ನಕಲು ಪತ್ತೆಹಚ್ಚುವ ಟರ್ನಿಟಿನ್ ಸಾಫ್ಟ್‌ವೇರ್ ಬಣ್ಣ ಹಚ್ಚಿ ತೋರಿಸುತ್ತೆ, ಕೃತಿಚೌರ್ಯದ ವಿಚಾರಣೆ ಶುರುವಾಗುತ್ತೆ. ಇದನ್ನು ಕೋಣೆಯಲ್ಲಿ ಕೂತು ಕಲಿಯುವುದೇ ವಾಸಿ. ಸ್ಟಾಟಿಸ್ಟಿಕ್ಸೂ ಅಷ್ಟೆ. ಸಂಜೆ ಕ್ಲಾಸು ಯಾಕೆ ಅಂತ ಕೇಳಿದವರಿಗೆ ನನ್ನ ಉತ್ತರ ಈ ಎರಡು ಕೋರ್ಸು. ಉಳಿದದ್ದನ್ನು ಆನ್‌ಲೈನ್ ಮಾಡಿ, ಬೇಜಾರಿಲ್ಲ.

ನೀಲಿಯೂನಿಫಾರ್ಮ್

ಒಪ್ಪಿದೆ ಸರ್, ಬರವಣಿಗೆ ಮಟ್ಟಿಗೆ. ಗಣಿತದ ಮಟ್ಟಿಗೆ ಒಪ್ಪಲ್ಲ, ಪಿಯುಸಿಯಲ್ಲಿ ಗಣಿತ ಓದಿದವರಿಗೆ ಕಾಲೇಜ್ ಆಲ್ಜೀಬ್ರಾಕ್ಕೆ 750 ಡಾಲರ್ ಟಿಎ ಸುರಿಯುವುದು ದಂಡ.

ಮಾರ್ಕ್ಸ್‌ಕಾರ್ಡ್

ಹೆಂಡತಿಯ ವಿಷಯಕ್ಕೆ ಬರೋಣ, ಇದೇ ಗೋಜಲಿನದ್ದು. ಟಿಎ ಅವರಿಗೆ ಇಲ್ಲ, ಅದು ಸೇವೆಯಲ್ಲಿರುವವರಿಗೆ ಮಾತ್ರ.

ಬಿ.ಕಾಂ. ಲೆಕ್ಕಕ್ಕೆ ಬರಬೇಕಾದರೆ ಅಮೆರಿಕದ ಮೌಲ್ಯಮಾಪನ ಸಂಸ್ಥೆಯೊಂದರಿಂದ ವಿಷಯವಾರು ವರದಿ ಬೇಕು. ಬರೀ "ಇಂಥ ಪದವಿಗೆ ಸಮ" ಅನ್ನುವ ಸಾರಾಂಶ ವರದಿ ಅಗ್ಗ, ಆದರೆ ಕ್ರೆಡಿಟ್ ವರ್ಗಾವಣೆಗೆ ಅದು ಸಾಲದು. ಯಾವ ಸಂಸ್ಥೆಯ ವರದಿ ಒಪ್ಪುತ್ತೀರಿ ಅಂತ ಕಾಲೇಜಿನ ಪ್ರವೇಶ ವಿಭಾಗವನ್ನು ಇಮೇಲ್‌ನಲ್ಲಿ ಕೇಳಿ, ಉತ್ತರ ಬಂದ ಮೇಲೆ ದುಡ್ಡು ಕಟ್ಟಿ.

ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ನಡೆಯಲ್ಲ. ಪದವಿ ಕೊಟ್ಟ ವಿಶ್ವವಿದ್ಯಾಲಯವೇ ಟ್ರಾನ್ಸ್‌ಕ್ರಿಪ್ಟ್ ತಯಾರಿಸಿ, ಮೊಹರು ಮಾಡಿದ ಲಕೋಟೆಯಲ್ಲೋ ತನ್ನ ಅಧಿಕೃತ ಮಾರ್ಗದಲ್ಲೋ ನೇರ ಕಳಿಸಬೇಕು. ಕಾಲೇಜಿನ ಪ್ರಿನ್ಸಿಪಾಲರ ಸಹಿ ಸಾಕು ಅಂದುಕೊಂಡು ಎಡವುವವರು ಬಹಳ. ಜರ್ಮನಿಗೆ ಹೊರಡುವ ಮೊದಲೇ, ಊರಿನಲ್ಲಿ ಓಡಾಡುವವರು ಯಾರಾದರೂ ಇರುವಾಗಲೇ ಅರ್ಜಿ ಹಾಕಿಸಿ. ಆರೂ ಸೆಮಿಸ್ಟರ್ ಮಾರ್ಕ್ಸ್ ಕಾರ್ಡು (ವಾರ್ಷಿಕ ಪದ್ಧತಿಯಾದರೆ ಮೂರು), ಪದವಿ ಪ್ರಮಾಣಪತ್ರ, ವರದಿ ಸಂಸ್ಥೆ ಕೊಟ್ಟ ಉಲ್ಲೇಖ ಸಂಖ್ಯೆ ಜೊತೆಗಿರಲಿ. ಮದುವೆಯ ನಂತರ ಪಾಸ್‌ಪೋರ್ಟಿನಲ್ಲಿ ಹೆಸರು ಬದಲಾಗಿದ್ದರೆ ಮದುವೆ ನೋಂದಣಿ ಪತ್ರವೂ. ಇನಿಷಿಯಲ್ ಒಂದೇ ಇರುವ ಮಾರ್ಕ್ಸ್ ಕಾರ್ಡು, ಪೂರ್ತಿ ಅಪ್ಪನ ಹೆಸರಿರುವ ಪಾಸ್‌ಪೋರ್ಟು: ಕರ್ನಾಟಕದ ಅರ್ಜಿಗಳು ಕೊಳೆಯುವುದು ಇಲ್ಲೇ.

ಇನ್ನು ಮೂರು ವರ್ಷದ ಡಿಗ್ರಿ ಪ್ರಶ್ನೆ. ಅಮೆರಿಕದಲ್ಲಿ ಪದವಿ ನಾಲ್ಕು ವರ್ಷದ್ದು. ಸಂಸ್ಥೆಗಳು ಒಂದೇ ಬಿ.ಕಾಂ.ಗೆ ಒಂದೇ ಉತ್ತರ ಕೊಡಲ್ಲ. ಕೆಲವು ಕಾಲೇಜಿನ ನ್ಯಾಕ್ ಗ್ರೇಡು, ಬಂದ ಕ್ಲಾಸು ನೋಡಿ ಪೂರ್ಣ ಪದವಿಗೆ ಸಮ ಅನ್ನುತ್ತವೆ. ಕೆಲವು "ಮೂರು ವರ್ಷದ ಪದವಿ ಶಿಕ್ಷಣ" ಅಂತ ನಿಲ್ಲಿಸುತ್ತವೆ. ಮೊದಲನೆಯದಾದರೆ ನೇರ ಸ್ನಾತಕೋತ್ತರಕ್ಕೆ ಹೋಗಬಹುದು. ಎರಡನೆಯದಾದರೆ ಮೇರಿಲ್ಯಾಂಡ್ ಹೆಚ್ಚೆಂದರೆ 90 ಕ್ರೆಡಿಟ್ ವರ್ಗಾಯಿಸಿಕೊಳ್ಳುತ್ತೆ, ಉಳಿದ 30 ಅಲ್ಲೇ ಓದಬೇಕು. ವಿಷಯ ಹೊಂದದ ಕಡೆ 90 ಪೂರ್ತಿ ಸಿಗಲ್ಲ. ನಮ್ಮ ಕಂಪನಿ ಕಾಯ್ದೆ, ಆದಾಯ ತೆರಿಗೆ ಪತ್ರಿಕೆಗಳು ಭಾರತದ ಕಾನೂನಿನವು, ಅಕೌಂಟಿಂಗ್ ಮೇಜರ್‌ನ ತೆರಿಗೆ ಕೋರ್ಸಿಗೆ ಬದಲಿಯಾಗಲ್ಲ, ಐಚ್ಛಿಕಕ್ಕೆ ಹೋಗುತ್ತವೆ.

ದುಡ್ಡಿಗೂ ಇದಕ್ಕೂ ಗಂಟು ಬಿದ್ದಿದೆ. ಗ್ರೀನ್ ಕಾರ್ಡ್ ಇರುವವರು ಫಾಫ್ಸಾ ಅನ್ನುವ ಫೆಡರಲ್ ವಿದ್ಯಾರ್ಥಿ ನೆರವಿನ ಅರ್ಜಿ ತುಂಬಿ ಪೆಲ್ ಗ್ರಾಂಟ್ (ವಾಪಸ್ ಕಟ್ಟಬೇಕಿಲ್ಲದ ಸರ್ಕಾರಿ ನೆರವು) ಕೇಳಬಹುದು. ಆದರೆ ಪದವಿ ಮುಗಿಸಿದವರಿಗೆ ಪೆಲ್ ಇಲ್ಲ, ವಿದೇಶದ ಪದವಿಯಾದರೂ. ಬಿ.ಕಾಂ. ಅಮೆರಿಕದ ಪದವಿಗೆ ಸಮವಲ್ಲ ಅನ್ನುವ ಲಿಖಿತ ದಾಖಲೆ ಕೊಟ್ಟರೆ, ಪದವಿ ಇಲ್ಲದವರೆಂದು ಪರಿಗಣಿಸುವ ಅವಕಾಶ ಕಾಲೇಜಿಗಿದೆ. ಹಾಗಾಗಿ "ಸಮ" ಅಂತ ಬಂದರೆ ಸ್ನಾತಕೋತ್ತರದ ಬಾಗಿಲು ತೆರೆದು ಗ್ರಾಂಟಿನ ಬಾಗಿಲು ಮುಚ್ಚುತ್ತೆ. ಯಾವುದು ಬೇಕು ಅಂತ ಮೊದಲೇ ಯೋಚಿಸಿ. ಫಾಫ್ಸಾದಲ್ಲಿ ಬಿ.ಕಾಂ. ಇರುವುದನ್ನು ಮುಚ್ಚಿಡುವ "ಐಡಿಯಾ" ಕೊಡುವವರ ಮಾತು ಕೇಳಬೇಡಿ, ಅದು ಫೆಡರಲ್ ಅರ್ಜಿ. ಸಿಕ್ಕಿಬಿದ್ದರೆ ಗ್ರಾಂಟ್ ವಾಪಸ್ ಕಟ್ಟುವುದರಲ್ಲಿ ಮುಗಿಯಲ್ಲ.

ಲೆಡ್ಜರ್

ಸೈನಿಕರ ಸಂಗಾತಿಗಳಿಗೆ ಕೊಡುವ ಓದಿನ ನೆರವು, ಮೈಕಾ, ಮರೆತಿರಿ ಮೇಡಂ. ಇ-5 ಪತ್ನಿಗೆ ಒಟ್ಟು 4,000 ಡಾಲರ್‌ವರೆಗೆ, ವರ್ಷಕ್ಕೆ 2,000ದಂತೆ. ಆದರೆ ಲೈಸೆನ್ಸ್, ಸರ್ಟಿಫಿಕೇಟ್, ಅಸೋಸಿಯೇಟ್ ಡಿಗ್ರಿಗೆ ಮಾತ್ರ, ನಾಲ್ಕು ವರ್ಷದ ಪದವಿಗಿಲ್ಲ. ಇದಕ್ಕೂ ಕೋರ್ಸು ಶುರುವಾಗುವ ಮೊದಲೇ ಮಂಜೂರಾತಿ ಬೇಕು.  ಬಿ.ಕಾಂ. ಇರುವವರಿಗೆ ಬುಕ್‌ಕೀಪಿಂಗ್ ಸರ್ಟಿಫಿಕೇಟಿಗೆ ಇದು ಸರಿಯಾಗಿ ಹೊಂದುತ್ತೆ.

ಮಾರ್ಕ್ಸ್‌ಕಾರ್ಡ್

ಹೌದು, ಬಿಟ್ಟುಹೋಗಿತ್ತು. ಕ್ಲೆಪ್ ಉಚಿತವೂ ಪತ್ನಿಯರಿಗೆ ಸಾಮಾನ್ಯವಾಗಿ ಅನ್ವಯಿಸಲ್ಲ. ಅವರು ಮಾಡರ್ನ್ ಸ್ಟೇಟ್ಸ್ ಅನ್ನುವ ಸಂಸ್ಥೆಯ ಉಚಿತ ಆನ್‌ಲೈನ್ ಪಾಠ ಮುಗಿಸಿದರೆ ಪರೀಕ್ಷಾ ಶುಲ್ಕದ ವೋಚರ್ ಸಿಗುತ್ತೆ.

ಹೊಸನೀರು

ಎಲ್ಲರಿಗೂ ಧನ್ಯವಾದ. ಗಂಡನದು ಒಂದು ಸಂದೇಹ: ಸೇನೆಯ ಸೇವೆಗೆ ಪ್ರತಿಯಾಗಿ ಓದಿಗೆ ಸಿಗುವ ಜಿಐ ಬಿಲ್ ಸವಲತ್ತು ಇದೆಯಲ್ಲ, ಟಿಎ ಸಾಲದಾದಾಗ ಅದರಿಂದ ಸೇರಿಸಬಹುದಾ? ಮತ್ತೆ ಟರ್ಮ್ ಮಧ್ಯೆ ಡಿಪ್ಲಾಯ್‌ಮೆಂಟ್ (ಕಾರ್ಯಾಚರಣೆಗೆ ಬೇರೆಡೆ ಕಳಿಸುವುದು) ಬಂದರೆ?

ಲೆಡ್ಜರ್

ಟಾಪ್-ಅಪ್ ಅಂತ ಸೇರಿಸಬಹುದು, ಆದರೆ ಪೋಸ್ಟ್-9/11 ಜಿಐ ಬಿಲ್ ಆದರೆ ನಷ್ಟದ ವ್ಯಾಪಾರ. ಅದರ 36 ತಿಂಗಳ ಹಕ್ಕಿನಿಂದ ಕಡಿತ ಆಗುವುದು ಪಡೆದ ಡಾಲರ್‌ಗೆ ತಕ್ಕಂತೆ ಅಲ್ಲ, ಓದಿದ ಕಾಲಕ್ಕೆ ತಕ್ಕಂತೆ. ನೂರು ಡಾಲರ್ ತುಂಬಿಸಲು ಹೋಗಿ ವಾರಗಟ್ಟಲೆ ಹಕ್ಕು ಕರಗುತ್ತೆ. ಮೇಲಾಗಿ ಸೇವೆಯಲ್ಲಿರುವಾಗ ಅದರ ಮನೆಬಾಡಿಗೆ ಭತ್ಯೆ ಸಿಗಲ್ಲ. ಹೆಂಡತಿಗೆ ವರ್ಗಾಯಿಸುವುದಾದರೆ ಆರು ವರ್ಷ ಸೇವೆ ಆಗಿರಬೇಕು, ಇನ್ನೂ ನಾಲ್ಕು ವರ್ಷಕ್ಕೆ ಒಪ್ಪಬೇಕು, ಮತ್ತು ಇದನ್ನು ಸೇವೆಯಲ್ಲಿದ್ದಾಗಲೇ ಮಾಡಬೇಕು. ಬಿಟ್ಟ ಮೇಲೆ ಸಾಧ್ಯವಿಲ್ಲ.

ಡಿಪ್ಲಾಯ್‌ಮೆಂಟ್ ವಿಷಯ. ಟಿಎ ಕೋರ್ಸಿನಲ್ಲಿ ಪದವಿ ಮಟ್ಟದಲ್ಲಿ ಸಿ, ಸ್ನಾತಕೋತ್ತರದಲ್ಲಿ ಬಿ ಬರಲೇಬೇಕು. ಡಿ ಬಂದರೆ ಕ್ರೆಡಿಟ್ ಸಿಕ್ಕರೂ ದುಡ್ಡು ಸಂಬಳದಲ್ಲಿ ಹಿಡಿದುಕೊಳ್ತಾರೆ. ಸ್ವಂತ ಕಾರಣಕ್ಕೆ ಕೋರ್ಸು ಬಿಟ್ಟರೂ ಹಾಗೇ. ಸೇನೆಯ ಕೆಲಸದಿಂದಲೇ ಬಿಡಬೇಕಾಗಿ ಬಂದರೆ ಕಮಾಂಡರ್ ಪತ್ರ ಇಟ್ಟು ವಸೂಲಿ ಮನ್ನಾಕ್ಕೆ ಅರ್ಜಿ ಹಾಕಬಹುದು. ಪತ್ರದಲ್ಲಿ "ಕೆಲಸದ ಒತ್ತಡ" ಅಂತ ಬರೆದರೆ ತಿರಸ್ಕಾರ ಖಂಡಿತ. ಯಾವ ದಿನಾಂಕದಿಂದ ಯಾವ ದಿನಾಂಕಕ್ಕೆ ಯಾವ ಆದೇಶ, ಕೋರ್ಸಿನ ಶುರುವಿನ ಹೊತ್ತಿಗೆ ಅದು ಗೊತ್ತಿರಲಿಲ್ಲ ಏಕೆ, ಇದಿಷ್ಟೂ ಇರಬೇಕು.

ಇನ್ನೊಂದು, ಕಾಲೇಜಿನ ಪೋರ್ಟಲ್‌ನಲ್ಲಿ ಬಿಟ್ಟರೆ ಟಿಎ ಪೋರ್ಟಲ್‌ಗೆ ತಾನಾಗಿ ಗೊತ್ತಾಗುತ್ತೆ ಅಂದುಕೊಳ್ಳಬೇಡಿ. ಎರಡೂ ಕಡೆ ಬಿಡಬೇಕು. ಬೇಗ ಬಿಟ್ಟಷ್ಟು ಲಾಭ: ಅವಧಿಯ 60 ಶೇಕಡಾ ದಾಟುವವರೆಗೆ ಕಾಲೇಜು ಉಳಿದ ಭಾಗದ ಟಿಎಯನ್ನು ಸರ್ಕಾರಕ್ಕೆ ವಾಪಸ್ ಕೊಡಬೇಕೆಂಬ ಒಪ್ಪಂದವಿದೆ. 56 ದಿನದ ಟರ್ಮಿನಲ್ಲಿ ಅದು 33ನೇ ದಿನದ ಹೊತ್ತಿಗೆ, ಐದನೇ ವಾರ. ಮಿಡ್‌ಟರ್ಮ್ ಅಂಕ ನೋಡಿಕೊಂಡು ತೀರ್ಮಾನ ಮಾಡೋಣ ಅಂತ ಆರನೇ ವಾರಕ್ಕೆ ದೂಡಿದರೆ ಆ ಬಾಗಿಲು ಮುಚ್ಚಿರುತ್ತೆ.

ಓಕಿನಾವಾ_ಗಾಳಿ

ಜನ ಕಡಿಮೆಯಾಗಿ ಕ್ಲಾಸು ರದ್ದಾಗುವುದನ್ನೂ ಹೇಳಿ. ಚಿಕ್ಕ ನೆಲೆಗಳಲ್ಲಿ ಮೇಲ್ಮಟ್ಟದ ಕೋರ್ಸುಗಳಿಗೆ ಇದು ಮಾಮೂಲು. ಆಗ ಆಫೀಸಿನವರು ಅದೇ ಕೋರ್ಸಿನ ಆನ್‌ಲೈನ್ ಸೆಕ್ಷನ್‌ಗೆ ಹಾಕ್ತೀವಿ ಅಂತಾರೆ. ಒಪ್ಪಿಕೊಳ್ಳಿ, ಆದರೆ ಸೆಕ್ಷನ್ ಸಂಖ್ಯೆ, ಶುರುವಿನ ದಿನಾಂಕ ಬದಲಾಗಿರುತ್ತೆ. ಮಂಜೂರಾದ ಟಿಎ ಹಳೆಯ ಸೆಕ್ಷನ್‌ಗೆ. ಹಳೆಯದು ರದ್ದು ಮಾಡಿಸಿ ಹೊಸ ಸೆಕ್ಷನ್‌ಗೆ ಅದು ಶುರುವಾಗುವ ಮೊದಲು ಮತ್ತೆ ಅರ್ಜಿ ಹಾಕಬೇಕು. ಇದನ್ನು ಬಿಟ್ಟವರಿಗೆ ಟರ್ಮ್ ಮುಗಿದ ಮೇಲೆ 750 ಡಾಲರ್ ಬಿಲ್ಲು ಬರುತ್ತೆ.

ಕುಡ್ಲ_ಕುವೈತ್

ಕುವೈತಿನ ಅಮೆರಿಕನ್ ನೆಲೆಯಲ್ಲಿ ಗುತ್ತಿಗೆ ಕಂಪನಿ ಮೂಲಕ ಕೆಲಸ ಮಾಡುವ ನಮ್ಮೂರಿನವರಿಗೆ ಈ ಕ್ಲಾಸು ಸಿಗುತ್ತದಾ?

ಲೆಡ್ಜರ್

ಸಾಮಾನ್ಯವಾಗಿ ಇಲ್ಲ. ಈ ಕಾರ್ಯಕ್ರಮ ಸೈನಿಕರು, ಇಲಾಖೆಯ ಸಿವಿಲಿಯನ್ ನೌಕರರು, ಅವರ ಕುಟುಂಬದವರಿಗಾಗಿ. ಗುತ್ತಿಗೆ ನೌಕರರ ಬ್ಯಾಡ್ಜ್ ಕೆಲಸದ ಜಾಗಕ್ಕೆ, ಕೆಲಸದ ಹೊತ್ತಿಗೆ ಸೀಮಿತ. ಟಿಎ ಅಂತೂ ಇಲ್ಲವೇ ಇಲ್ಲ. ಅಮೆರಿಕದ ಡಿಗ್ರಿಯೇ ಬೇಕೆಂದರೆ ಪೂರ್ತಿ ಆನ್‌ಲೈನ್, ಪೂರ್ತಿ ಸ್ವಂತ ಖರ್ಚು. ಅಷ್ಟು ದುಡ್ಡು ಹಾಕುವ ಬದಲು ಇಗ್ನೋ ನೋಡಿ, ಕುವೈತಿನವರಿಗೆ ಅದು ಕೈಗೆಟುಕುವ ದಾರಿ.

ಹೊಸನೀರು

ಕೊನೆಯದು. ಅವರು ಜನವರಿ ಟರ್ಮಿಗೆ ಸೇರಬೇಕೆಂದರೆ ಈಗ ಏನು ಮಾಡಬೇಕು?

ಮಾರ್ಕ್ಸ್‌ಕಾರ್ಡ್

ಗಂಡ ಇವತ್ತೇ ಜಾಯಿಂಟ್ ಸರ್ವೀಸಸ್ ಟ್ರಾನ್ಸ್‌ಕ್ರಿಪ್ಟ್ ಸೈಟಿನಿಂದ ಕಾಲೇಜಿಗೆ ಅಧಿಕೃತ ಪ್ರತಿ ಕಳಿಸಲಿ, ಅದು ಉಚಿತ. ಹೆಂಡತಿ ಪ್ರವೇಶ ವಿಭಾಗಕ್ಕೆ ಇಮೇಲ್ ಬರೆದು ಯಾವ ಸಂಸ್ಥೆಯ ವರದಿ ಬೇಕು ಅಂತ ಕೇಳಲಿ, ಉತ್ತರ ಬಂದ ದಿನವೇ ಜ್ಞಾನಭಾರತಿಯಲ್ಲಿ ಟ್ರಾನ್ಸ್‌ಕ್ರಿಪ್ಟ್ ಅರ್ಜಿ. ವರದಿ ಜನವರಿಗೆ ಬರದಿದ್ದರೆ ಬರವಣಿಗೆ ಕೋರ್ಸಿಗೆ ಮಾತ್ರ ಸೇರಿಕೊಳ್ಳಲಿ. ಬಿ.ಕಾಂ.ನ ಇಂಗ್ಲಿಷ್ ಪತ್ರಿಕೆ ಅದಕ್ಕೆ ಬದಲಿಯಾಗುವುದು ಅಪರೂಪ, ಹಾಗಾಗಿ ಓದಿದ್ದನ್ನೇ ಮತ್ತೆ ದುಡ್ಡು ಕೊಟ್ಟು ಓದಿದ ಹಾಗಾಗಲ್ಲ.